ಬೀಗ ಹಾಕಿದ ಪಂಜರದೊಳಗಿನ ಅಂಗೈ

ದೆವ್ವ, ಶಕುನ ಎನ್ನುವವರನ್ನು ಕಂಡರೆ ನಾನು ಮುಖದ ಮೇಲೇ ನಗುತ್ತಿದ್ದವನು. ನಮ್ಮ ವಂಶದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗ ನಾನು. ಅಪ್ಪನಿಗೆ ಸಹಿ ಹಾಕಲೂ ಬರುತ್ತಿರಲಿಲ್ಲ. ಹೋಟೆಲಿನಲ್ಲಿ ಲೋಟ ತೊಳೆದು ಗಳಿಸಿದ ಇಂಜಿನಿಯರಿಂಗ್ ಡಿಗ್ರಿ ನನ್ನದು. ಕಾರಣವಿಲ್ಲದೆ ಏನೂ ಆಗದು ಎಂದು ಅದು ಕಲಿಸಿತ್ತು. ಈಗಲೂ ಹಾಗೆಯೇ ನಂಬುತ್ತೇನೆ, ಈ ಒಂದು ಸಂಗತಿ ಬಿಟ್ಟು.

ಎಂಬತ್ತರ ದಶಕದ ಕೊನೆ. ಮುಂಬಯಿಯ ಅಂಧೇರಿಯ ಒಂದು ಕಾರ್ಖಾನೆಯಲ್ಲಿ, ವಿದ್ಯುತ್ ಹರಿಯದಂತೆ ತಡೆಯುವ ಹೈವೋಲ್ಟೇಜ್ ಇನ್ಸುಲೇಟರ್‌ಗಳನ್ನು ಪರೀಕ್ಷಿಸುವ ಕೆಲಸ, ಇನ್ನೂ ಪ್ರೊಬೇಷನ್. ನನ್ನ ಕೈಕೆಳಗೆ ಬಿಜಾಪುರದ ಕಡೆಯ ಬಸಣ್ಣ, ವಯಸ್ಸಿನಲ್ಲಿ ನನಗಿಂತ ತುಂಬ ದೊಡ್ಡವರು. ಕುರ್ಲಾದಲ್ಲಿ ಹಿಂದೆ ಪ್ರೆಸ್ ಮಶೀನಿಗೆ ಸಿಕ್ಕಿ ಅವರ ಎಡಗೈಯ ಉಂಗುರಬೆರಳು ಅರ್ಧವಾಗಿತ್ತು. ಪ್ರತಿ ಪರೀಕ್ಷೆಗೂ ಮುಂಚೆ ಇನ್ಸುಲೇಟರನ್ನು, ಅಂದರೆ ಎಪಾಕ್ಸಿ ಪ್ಲಾಸ್ಟಿಕ್ಕಿನ ಬಿಲ್ಲೆಯನ್ನು, ಸ್ಪಿರಿಟ್ ಬಟ್ಟೆಯಿಂದ ಒರೆಸಿ, ಅದು ಆರುವವರೆಗೆ ಹೊರಗೆ ಹೋಗಿ ಬೀಡಿ ಸೇದಿ ಬರುತ್ತಿದ್ದರು. ಯಾಕೆಂದು ಕೇಳಿದರೆ, "ನಮ್ಮ ಉಸ್ತಾದ ಹಿಂಗ ಮಾಡ್ತಿದ್ದರಿ," ಅಷ್ಟೇ. ಬೀಡಿಗೆ ನೆಪ ಎಂದುಕೊಂಡು ಅದನ್ನು ನಿಲ್ಲಿಸಿದೆ. ಒಣಬಟ್ಟೆಯಲ್ಲಿ ಉಜ್ಜಿದರೆ ಸಾಕು ಎಂದು ಬರೆದೇ ಹಾಕಿದೆ. ಆಮೇಲೆ ಬಸಣ್ಣ ಮಗಳ ಮದುವೆಗೆ ಊರಿಗೆ ಹೋದರು.

ಅವರು ಹೋದ ಮೇಲೆ ಅಚ್ಚಿನಿಂದ ಬಂದ ಹೊಸ ಬಿಲ್ಲೆಯೊಂದು ನನ್ನನ್ನು ಕಾಡಿತು. ಪ್ರತಿ ಸಲವೂ ಹಿಂದಿಗಿಂತ ಕಡಿಮೆ ವೋಲ್ಟೇಜಿಗೇ ಅದರ ಮೈಮೇಲೆ ಫಟ್ಟೆಂದು ಕಿಡಿ ಹರಿಯುತ್ತಿತ್ತು. ಮರುದಿನ ಗಿರಾಕಿಯ ಇನ್‌ಸ್ಪೆಕ್ಟರ್ ಬರುವವರಿದ್ದರು. ಫೇಲಾದರೆ ಸರಕು ವಾಪಸು, ನಾನು ಮನೆಗೆ.

ಬಿಲ್ಲೆಯ ಮೈಮೇಲೆ ಚಾರ್ಜ್ ಉಳಿದಿರಬಹುದೇ ಎಂಬ ಅನುಮಾನ ಬಂತು. ಪುಡಿ ಉದುರಿಸಿದರೆ ಚಾರ್ಜ್ ಇದ್ದಲ್ಲಿ ಅಂಟಿಕೊಳ್ಳುತ್ತದೆ. ಕರೆಂಟ್ ಸಪ್ಲೈ ತೆಗೆದು, ಪರೀಕ್ಷೆಯ ಜಾಗದ ಸುತ್ತಲಿನ ತಂತಿ ಪಂಜರಕ್ಕೆ ಬೀಗ ಹಾಕಿ, ಇದ್ದ ಒಂದೇ ಕೀಲಿ ಜೇಬಿಗಿಟ್ಟು, ಆಫೀಸಿನಿಂದ ಝೆರಾಕ್ಸ್ ಮಶೀನಿನ ಪುಡಿ ತಂದೆ. ಬೀಗ ತೆಗೆದು ಉದುರಿಸಿದೆ. ಬಿಲ್ಲೆಯ ತುಂಬ ಕಪ್ಪು ಕವಲುಗಳು ಎದ್ದವು. ನಡುವೆ ಒಂದು ಕಡೆ ಮಾತ್ರ ಪುಡಿ ಅಂಟಲಿಲ್ಲ. ಅಲ್ಲಿ ಒಂದು ಅಂಗೈಯ ಗುರುತು ಇತ್ತು. ಎಡಗೈ. ಉಂಗುರಬೆರಳು ಅರ್ಧ.

ನನ್ನ ಹತ್ತೂ ಬೆರಳು ನೆಟ್ಟಗಿವೆ. ಆದರೂ ಆ ಕ್ಷಣ ಭಯವಾಗಲಿಲ್ಲ, ನಂಬಿ. ಹೊಳೆದದ್ದು ಇಷ್ಟೇ: ತೇವದ ಕೈ ಮುಟ್ಟಿದಲ್ಲಿ ಚಾರ್ಜ್ ಇಲ್ಲ, ಒಣಬಟ್ಟೆಯಲ್ಲಿ ಉಜ್ಜಿ ಉಜ್ಜಿ ನಾನೇ ಅದನ್ನು ಹೆಚ್ಚಿಸುತ್ತಿದ್ದೆ. ಅಂಗೈಯ ಅಳತೆ ಬರೆದುಕೊಂಡು, ಬಸಣ್ಣನವರ ಹಾಗೆಯೇ ಸ್ಪಿರಿಟ್‌ನಿಂದ ಒರೆಸಿ, ಆರಲು ಬಿಟ್ಟೆ. ಬಿಲ್ಲೆ ಪೂರ್ತಿ ವೋಲ್ಟೇಜ್ ತಡೆಯಿತು. ಮರುದಿನ ಇನ್‌ಸ್ಪೆಕ್ಟರ್ ಎದುರೂ ತಡೆಯಿತು. ನನ್ನ ಕೆಲಸ ಕಾಯಂ ಆಯಿತು.

ಬಸಣ್ಣ ಮದುವೆಯ ಲಾಡು ಹಿಡಿದು ಬಂದಾಗ ತಪ್ಪೊಪ್ಪಿಕೊಂಡು ಎಲ್ಲ ಹೇಳಿದೆ.

"ಕೈ ನನ್ನ ಹತ್ರಾನ ಇತ್ತರಿ ಸಾಹೇಬ್ರ," ಎಂದು ನಕ್ಕರು. "ಒಂದ ಕೈಲೆ ಯಾರರ ಕನ್ಯಾದಾನ ಮಾಡ್ತಾರೇನ್ರಿ?"

ಅಳತೆ ಇದೆ, ಒಮ್ಮೆ ಕೈಯಿಡಿ, ಹೋಲಿಸಿ ನೋಡೋಣ ಎಂದೆ. ಅವರ ನಗು ನಿಂತಿತು. ಎಡಗೈಯನ್ನು ಬೆನ್ನ ಹಿಂದೆ ಮಾಡಿಕೊಂಡರು.

"ಬ್ಯಾಡ್ರಿ ಸಾಹೇಬ್ರ. ಹೊಂದಿಬಿಟ್ರ ನಾ ಏನ್ ಮಾಡ್ಲಿ?"

ಅಳತೆ ಬರೆದ ಚೀಟಿಯನ್ನು ಮಡಚಿ ಜೇಬಿಗಿಟ್ಟೆ. ಇಬ್ಬರೂ ಕೂತು ಲಾಡು ತಿಂದೆವು.