ಬೋರಲು ಮಲಗಿದ್ದವನ ಮುಖ

ಮಾದೇಶ, ನಿನ್ನನ್ನು ಬದುಕಿಸಿದವಳು ನಾನಲ್ಲ. ಕೊಂದೇಬಿಡುತ್ತಿದ್ದವಳು ನಾನು — ಅದನ್ನು ಇಷ್ಟು ವರ್ಷ ನಿಮ್ಮ ಮನೆಯವರಿಂದ ಮುಚ್ಚಿಟ್ಟೆ.

ಹೊಸೂರಿನ ಆಸ್ಪತ್ರೆಯಲ್ಲಿ ನೀನು ವೆಂಟಿಲೇಟರ್ ಮೇಲಿದ್ದಾಗ ನಿನ್ನನ್ನು ನೋಡಿಕೊಳ್ಳುತ್ತಿದ್ದ ನರ್ಸ್ ನಾನು. ನಿನ್ನ ಶ್ವಾಸಕೋಶ ಎರಡೂ ನೀರು ತುಂಬಿ ಗಟ್ಟಿಯಾಗಿದ್ದವು. ಅಂಗಾತ ಮಲಗಿಸಿದರೆ ಯಂತ್ರ ಎಷ್ಟು ಗಾಳಿ ತಳ್ಳಿದರೂ ಆಮ್ಲಜನಕ ರಕ್ತಕ್ಕೆ ಸೇರುತ್ತಿರಲಿಲ್ಲ. ಬೋರಲು ಮಲಗಿಸಿದರೆ ಬೆನ್ನ ಕಡೆಯ ಭಾಗ ಬಿಚ್ಚಿಕೊಂಡು ಅಷ್ಟೋ ಇಷ್ಟೋ ಸೇರುತ್ತಿತ್ತು. ಡಾಕ್ಟರು ತಾವು ಹೇಳುವ ತನಕ ತಿರುಗಿಸಬೇಡಿ ಎಂದಿದ್ದರು.

ಉದ್ದನಪಲ್ಲಿಯಿಂದ ಬಂದ ನಿನ್ನ ಅವ್ವ ಗಾಜಿನ ಆಚೆ ನಿಂತರು. ಅವರಿಗೆ ನಿನ್ನ ಬೆನ್ನು ಮಾತ್ರ ಕಂಡಿತು.

"ಸತ್ತೋರ್ನೂ ಹಿಂಗ್ ಬೋರ್ಲು ಮಲಗ್ಸಲ್ಲ ಕಣ್ ತಾಯಿ. ಒಂದ್ ಕಿತ ಮಕ ತೋರ್ಸ್ಬುಡು."

ನಾನೂ ಕೆಲಮಂಗಲದವಳು. ಚಿಕ್ಕವಳಿದ್ದಾಗ ಬೋರಲು ಮಲಗಿದರೆ ನಮ್ಮಜ್ಜಿ ಬೆನ್ನಿಗೆ ಗುದ್ದಿ ಹೊರಳಿಸುತ್ತಿದ್ದಳು. ಡಾಕ್ಟರು ಊಟಕ್ಕೆ ಹೋಗಿದ್ದರು. ಆಯಾಳನ್ನು ಕರೆದು ನಿನ್ನನ್ನು ತಿರುಗಿಸಿದೆ — ಗಂಟಲಿನ ಕೊಳವೆ ಹಿಡಿದುಕೊಳ್ಳಲೆಂದೇ ತಲೆಯ ಹತ್ತಿರ ಇನ್ನೊಬ್ಬರು ನಿಲ್ಲಬೇಕು, ಅದು ನನಗೆ ಚೆನ್ನಾಗಿ ಗೊತ್ತಿತ್ತು, ಆದರೂ...

ಕೊಳವೆ ಜಾರಿತು. ಯಂತ್ರ ಕೂಗತೊಡಗಿತು. ನಿನ್ನ ತುಟಿ ನೇರಳೆಗೆ ತಿರುಗಿತು. ಭಯದಿಂದ ನಾನು ಮೊದಲು ಮಾಡಿದ ಕೆಲಸ — ಅವ್ವನಿಗೆ ಕಾಣದಂತೆ ಪರದೆ ಎಳೆದದ್ದು. ಡಾಕ್ಟರು ಓಡಿಬಂದು ಬೇರೆ ಕೊಳವೆ ಹಾಕಿ, ನಾಲ್ಕು ಜನರನ್ನು ಕರೆದು ಮತ್ತೆ ಬೋರಲು ಮಾಡಿಸಿದರು. ನೀನು ಚೇತರಿಸಿಕೊಂಡದ್ದು ಆಮೇಲೆಯೇ. ಕಫ ಕಟ್ಟಿತ್ತು, ಅದಕ್ಕೇ ತಿರುಗಿಸಿದೆ ಎಂದು ಡಾಕ್ಟರಿಗೆ ಸುಳ್ಳು ಹೇಳಿದೆ.

ಅವ್ವ ನೋಡಿದ್ದು ಪರದೆ ಎಳೆಯುವ ಮುಂಚಿನ ನಿನ್ನ ಮುಖವನ್ನು ಮಾತ್ರ. ನರ್ಸಮ್ಮ ಮುಖ ಮೇಲೆ ಮಾಡಿದ್ದಕ್ಕೇ ಮಗ ಉಳಿದ ಎಂದು ಊರಿಗೆಲ್ಲ ಹೇಳಿಕೊಂಡು ಬಂದರು. ಅದು ಹಾಗಲ್ಲ ಎಂದು ನಾನು ತಿದ್ದಲಿಲ್ಲ. ಅವರು ಪ್ರೀತಿಯಿಂದ ಕಳಿಸುತ್ತಿದ್ದ ಅವರೆಕಾಯಿಯನ್ನೂ ನಾಚಿಕೆಯಿಲ್ಲದೆ ತಿಂದೆ.

ಇವತ್ತು ಬೆಳಗ್ಗೆ ಅವರ ಫೋನ್ ಬಂತು. ನಿನ್ನ ಸೋದರಮಾವ ಕೃಷ್ಣಗಿರಿಯ ಆಸ್ಪತ್ರೆಯಲ್ಲಿ ವೆಂಟಿಲೇಟರ್ ಮೇಲಿದ್ದಾರಂತೆ.

"ಬೋರ್ಲು ಹಾಕ್ಬೇಕು ಅಂತಾವ್ರೆ. ನಾನ್ ಬ್ಯಾಡ ಅಂದ್ಬುಟ್ಟೆ. ಸರಿ ತಾನೇ ತಾಯಿ?"

ನಾನು — ಹೂಂ ಅಂದೆ. ಇಷ್ಟು ವರ್ಷದ ಹೆದರಿಕೆ, ಬಾಯಿಂದ ಅದೇ ಬಂತು. ಮರುಕ್ಷಣವೇ ತಿರುಗಿ ಮಾಡಿದರೆ ಅವರ ಫೋನ್ ಆಫ್. ನೀನೂ ಎತ್ತುತ್ತಿಲ್ಲ, ಫ್ಯಾಕ್ಟರಿಯ ಒಳಗಿರಬೇಕು. ಕೃಷ್ಣಗಿರಿಯ ಬಸ್ಸಿನಲ್ಲಿ ಕೂತು ಇದನ್ನು ಬರೆದು ಕಳಿಸುತ್ತಿದ್ದೇನೆ. ನಾನು ತಲುಪುವಷ್ಟರಲ್ಲಿ ಏನಾದರೂ...

ಅವ್ವನಿಗೆ ನಾನೇ ಎದುರು ನಿಂತು ಹೇಳುತ್ತೇನೆ. ನನ್ನನ್ನು ಬೈಯುವುದು, ಬಿಡುವುದು ಆಮೇಲಿನ ಮಾತು. ಇದನ್ನು ಓದಿದ ತಕ್ಷಣ ಆಸ್ಪತ್ರೆಗೆ ಫೋನ್ ಮಾಡು; ಹೊರಗಿನವಳಾದ ನನ್ನ ಮಾತು ಅಲ್ಲಿ ನಡೆಯದು, ಮನೆಯವನಾದ ನೀನೇ ಹೇಳಬೇಕು. ಮಾವನನ್ನು ಬೋರಲು ಹಾಕಿ ಅನ್ನು. ಹಾಗೆ ಮಲಗಿಯೇ ಬದುಕಿದವನು ನಾನು ಅನ್ನು.