ಗುರುತು ಅಳಿಸಿದ ಆರು ಚಮಚ

ನನ್ನ ಅಕ್ಷರ ಚೆನ್ನಾಗಿಲ್ಲ, ಪದಗಳೂ ಬೇಗ ಸಿಗುವುದಿಲ್ಲ. ಹದಿನೈದಕ್ಕೇ ಶಾಲೆ ಬಿಟ್ಟವಳು; ಕ್ಷಮಿಸಬೇಕು. ಕ್ಲಾರಿಸಜ್ಜಿ ಹೇಳಿದ್ದು ತಪ್ಪಾಗಬಾರದೆಂದು ಎರಡೆರಡು ಸಲ ಕೇಳಿ ಬರೆದಿದ್ದೇನೆ.

ಕ್ಲಾರಿಸ್ ಬ್ಯಾಗ್‌ಶಾ ನಮ್ಮ ಪಕ್ಕದ ಮನೆಯವಳು. ಅರವತ್ತೊಂಬತ್ತು ವರ್ಷ. ಶೆಫೀಲ್ಡಿನ ಅರ್ಧ ಹೆಂಗಸರಂತೆ ಅವಳೂ ಹದಿನಾಲ್ಕಕ್ಕೆ ಕಾರ್ಖಾನೆಯೊಂದರಲ್ಲಿ ಚಮಚಗಳನ್ನು ಉಜ್ಜಿ ಹೊಳಪು ಬರಿಸುವ ಕೆಲಸಕ್ಕೆ ಸೇರಿದಳು. ತಲೆಗೆ ಕೆಂಪು ಬಟ್ಟೆ, ಮೈಗೆ ಕಂದು ಕಾಗದ, ಕಾಲಿಗೆ ಹಳೆಯ ಪೇಪರು ಸುತ್ತಿಕೊಂಡು ತಿರುಗುವ ಚಕ್ರದ ಮುಂದೆ ಕೂರುತ್ತಿದ್ದರಂತೆ. ಸಂಜೆ ಮುಖವೆಲ್ಲ ಮಸಿ, ಹಲ್ಲು ಮಾತ್ರ ಬಿಳಿ. ಹಾಡುತ್ತ ಮನೆಗೆ ಬರುವಾಗ ಟ್ರಾಮಿನಲ್ಲಿ ಯಾರೂ ಪಕ್ಕ ಕೂರುತ್ತಿರಲಿಲ್ಲ ಎಂದು ಈಗಲೂ ಹೆಮ್ಮೆಯಿಂದಲೇ ಹೇಳುತ್ತಾಳೆ.

ಆ ಕಾರ್ಖಾನೆ ಈಗಿಲ್ಲ. ಆದರೆ ಜನ ಹಳೆಯ ಚಮಚ ಹಿಡಿದು ಅವಳ ಅಡುಗೆಮನೆಗೆ ಬರುತ್ತಾರೆ. ಅವಳು ಹಿಡಿಯ ಹಿಂಬದಿ ತಿರುಗಿಸುತ್ತಾಳೆ. ಸಿಂಹದ ಗುರುತಿದ್ದರೆ ಅಸಲಿ ಬೆಳ್ಳಿ. ಪುಟ್ಟ ಗುರಾಣಿಗಳೊಳಗೆ ಒಂದೊಂದೇ ಅಕ್ಷರವಿದ್ದರೆ ಬೆಳ್ಳಿಯ ಲೇಪ. ದೂರದಿಂದ ಅಸಲಿಯಂತೆ ಕಾಣಲೆಂದೇ ಹಾಗೆ ಒತ್ತುತ್ತಿದ್ದರು. ಪಕ್ಕದ ಗುರುತು ನೋಡಿ ಯಾರು ಮಾಡಿದ್ದೆಂದೂ ಹೇಳುತ್ತಾಳೆ. ಬೆಳ್ಳಿಯೆಂದು ನಂಬಿ ಬಂದವರ ಮುಖ ಬಾಡಿದರೆ ಚಹಾಕ್ಕೆ ಒಂದು ಚಮಚ ಸಕ್ಕರೆ ಹೆಚ್ಚು.

ಕಳೆದ ಗುರುವಾರ ಹ್ಯೂಬರ್ಟ್ ಶಿಮ್‌ವೆಲ್ ಬಂದರು. ನಿವೃತ್ತ ಟ್ರಾಮ್ ಡ್ರೈವರ್, ಅರವತ್ತೊಂದು ವರ್ಷ. ಕರವಸ್ತ್ರದಲ್ಲಿ ಆರು ಚಮಚ ತಂದಿದ್ದರು. ಅವರ ಅಮ್ಮ ಅದೇ ಕಾರ್ಖಾನೆಯಲ್ಲಿ ಉಜ್ಜುತ್ತಿದ್ದವಳು. ಮದುವೆಗೆ ಗೆಳತಿಯರು ಕೊಟ್ಟಿದ್ದು ಎಂದು ಸಾಯುವವರೆಗೂ ಹೇಳುತ್ತಿದ್ದಳಂತೆ. ಆದರೆ ಚಮಚಗಳ ಮೇಲೆ ಒಂದು ಗುರುತೂ ಇರಲಿಲ್ಲ. ಭಾನುವಾರ ಊಟದ ಮೇಜಿನಲ್ಲಿ, ಮಕ್ಕಳೆದುರೇ, ಅವರ ಅತ್ತಿಗೆ ಮ್ಯೂರಿಯಲ್ ಅಂದಿದ್ದಳು: "ಗುರುತು ಒತ್ತೋಕೆ ಮುಂಚೇನೇ ಏಪ್ರನ್ನಲ್ಲಿ ಮುಚ್ಕೊಂಡು ತಂದಿರ್ಬೇಕು ನಿಮ್ಮಮ್ಮ."

ಹ್ಯೂಬರ್ಟ್ ಟೋಪಿ ತಿರುಗಿಸುತ್ತ ಕೂತರು. "ಕದ್ದಿದ್ರೆ ಕದ್ದಿದ್ದು ಅಂತ್ಲೇ ಹೇಳಿಬಿಡಿ. ಗೊತ್ತಾದ್ರೆ ಸಾಕು."

ಅಜ್ಜಿ ಕನ್ನಡಕ ತೆಗೆದಿಟ್ಟಳು. ಒಂದು ಚಮಚದ ಹಿಂಬದಿಯ ಮೇಲೆ ಹೆಬ್ಬೆರಳು ಎಳೆದು ನನ್ನ ಕೈಗೆ ಕೊಟ್ಟಳು. "ನೋಡೋದ್ ಬೇಡ ಕಣೇ. ಮುಟ್ಟು."

ಗುರುತು ಇರಬೇಕಾದ ಜಾಗದಲ್ಲಿ ಸಣ್ಣ ತಗ್ಗು ಸಿಕ್ಕಿತು. ಗುರುತು ಒತ್ತಿದ್ದರು, ಆಮೇಲೆ ಉಜ್ಜಿ ಅಳಿಸಿದ್ದರು.

ಹ್ಯೂಬರ್ಟ್ ಮೆಲ್ಲಗೆ, ಕದ್ದವರೂ ಅಳಿಸಬಹುದಲ್ಲ ಎಂದರು. ಮನೆಯಲ್ಲಿ ಅಳಿಸಿದ್ದರೆ ಮೇಲಿನ ಬೆಳ್ಳಿಯೂ ಹೋಗಿ ಒಳಗಿನ ಲೋಹ ಕಾಣುತ್ತಿತ್ತು ಎಂದು ಅಜ್ಜಿ ವಿವರಿಸಿದಳು. ಇಲ್ಲಿ ತಗ್ಗಿನೊಳಗೂ ಬೆಳ್ಳಿ ಕೂತಿದೆ. ಅಂದರೆ ಕಾರ್ಖಾನೆಯಲ್ಲೇ ಅಳಿಸಿ, ಆಮೇಲೆ ಲೇಪ ಹಾಕಿಸಿದ್ದು. ಸಣ್ಣ ಕಲೆಯಿದ್ದ ಚಮಚ ಕಂಪನಿಯ ಹೆಸರಿನಲ್ಲಿ ಹೊರಗೆ ಹೋಗುವಂತಿರಲಿಲ್ಲ. ಹುಡುಗಿಯೊಬ್ಬಳ ಮದುವೆ ಗೊತ್ತಾದರೆ ಮೇಲ್ವಿಚಾರಕಿ ಅಂಥ ಆರನ್ನು ಆರಿಸಿಕೊಡುತ್ತಿದ್ದಳು. ಹೆಸರು ಅಳಿಸುವ ಕೆಲಸ ಗೆಳತಿಯರದು.

"ನಿಮ್ಮಮ್ಮನೊಬ್ಬಳೇ ಉಜ್ಜಿದ್ರೆ ಆರೂ ಒಂದೇ ಥರ ಇರ್ತಿತ್ತು" ಎಂದು ಅಜ್ಜಿ ಚಮಚಗಳನ್ನು ಒಂದೊಂದಾಗಿ ಸಾಲಿಗಿಡತೊಡಗಿದಳು. "ಇವಳು ಮಧ್ಯದಲ್ಲೇ ಒತ್ತಿದ್ದಾಳೆ. ಇವಳಿಗೆ ಅವಸರ. ಇವಳು ಸೋಮಾರಿ, ಅಂಚು ಹಾಗೇ ಬಿಟ್ಟಿದ್ದಾಳೆ. ಆರು ಚಮಚ, ಆರು ಕೈ, ಶಿಮ್‌ವೆಲ್."

ಐದನೆಯದನ್ನು ಮಾತ್ರ ಅವಳು ಕೆಳಗಿಡಲಿಲ್ಲ. ಅದರ ತಗ್ಗು ಉಳಿದವುಗಳ ಎದುರು ದಿಕ್ಕಿಗೆ ವಾಲಿತ್ತು. ತನ್ನ ಕೈಹಿಡಿದು ಕೆಲಸ ಕಲಿಸಿದ ಫ್ಯಾನಿ ಹ್ಯಾಟರ್ಸ್ಲಿ ಎಡಗೈಯವಳಾಗಿದ್ದಳಂತೆ. ಇದು ಅವಳದೇ ಎಂದು ಹೇಳಲಾರೆ ಎಂದಳು ಅಜ್ಜಿ. ಆದರೂ ಚಹಾ ಆರುವವರೆಗೆ ಹೆಬ್ಬೆರಳು ಅಲ್ಲೇ ಇತ್ತು.

ನನ್ನ ಮಾತನ್ನು ಮ್ಯೂರಿಯಲ್ ನಂಬುವುದಿಲ್ಲ, ನೀವೇ ಬರಬೇಕು ಎಂದರು ಹ್ಯೂಬರ್ಟ್. ಮ್ಯೂರಿಯಲ್ ಮನೆಯ ಏರು ಹತ್ತಲು ಅಜ್ಜಿಯ ಮಂಡಿ ಬಿಡುವುದಿಲ್ಲ. ಅವಳು ನನ್ನ ಕಡೆ ತಿರುಗಿದಳು.

"ನಿನ್ ಬೆರಳಿಗೆ ಸಿಕ್ತಲ್ಲ, ಹೋಗಿ ತೋರ್ಸು. ಮಾತಾಡೋಕೆ ನಾಚ್ಕೆ ಆದ್ರೆ ಅವಳ ಬೆರಳು ಹಿಡಿದು ಅಲ್ಲಿಡು, ಅಷ್ಟೇ."

ಈ ಭಾನುವಾರ ಊಟದ ಹೊತ್ತಿಗೆ ನಾನು ಹ್ಯೂಬರ್ಟ್ ಜೊತೆ ಮ್ಯೂರಿಯಲ್ ಮನೆಗೆ ಹೋಗಿ, ಆರು ಚಮಚಗಳನ್ನೂ ಮೇಜಿನ ಮೇಲೆ ಬೋರಲಾಗಿ ಇಡುತ್ತೇನೆ.