ನನ್ನ ಗ್ಲಾಸಿನಲ್ಲಿ ಬಂದ ಕೆಂಡದ ವಾಸನೆ

ಇಂಥ ಸಂಗತಿಗಳನ್ನು ನಾನು ನಂಬುತ್ತಿರಲಿಲ್ಲ. ಪತ್ರಿಕೆಯ ವರದಿಗಾರನಾಗಿ, ದೆವ್ವ ಕಂಡವರು, ದೇವರು ಮೈಮೇಲೆ ಬಂದವರು ಹೇಳಿದ್ದನ್ನೆಲ್ಲ ಕೇಳಿ, ಒಂದು ಸಾಲೂ ಬರೆಯದೆ ಎದ್ದು ಬಂದವನು. ಆದ್ದರಿಂದ ನೀವು ಇದನ್ನು ನಂಬದಿದ್ದರೆ ನನಗೆ ಬೇಸರವಿಲ್ಲ. ಇದರಲ್ಲಿ ಕುಡಿತದ ವಿಷಯವೂ ಬರುತ್ತದೆ. ಅದನ್ನು ಮುಚ್ಚಿಟ್ಟರೆ ಹೇಳುವುದಕ್ಕೆ ಏನೂ ಉಳಿಯುವುದಿಲ್ಲ.

ಕಾಲುವೆ ನೀರು ಸಿಂಧನೂರಿನ ಹೊಲಗಳಿಗೆ ಹರಿಯತೊಡಗಿ ಕೆಲವು ವರ್ಷಗಳಾಗಿದ್ದವು. ಉಪಕಾಲುವೆಗಳ ಕೆಲಸ ಇನ್ನೂ ನಡೆದಿತ್ತು. ಅದರ ಸುದ್ದಿಗೆ ಹೋದಾಗಲೆಲ್ಲ ನಾನು ಮಸ್ಕಿಯಲ್ಲಿ ಗೆಳೆಯ ವೀರನಗೌಡನ ಕ್ವಾರ್ಟರ್ಸಿನಲ್ಲಿ ಇಳಿಯುತ್ತಿದ್ದೆ. ಆತ ಕಾಲುವೆ ಕೆಲಸದ ಇಂಜಿನಿಯರ್.

ಅಂದು ನನಗೆ ಗೊತ್ತಿರದಿದ್ದ ಒಂದು ವಿಷಯವನ್ನು ನಿಮಗೆ ಮೊದಲೇ ಹೇಳಿಬಿಡುತ್ತೇನೆ. ಆತನ ಹೆಂಡತಿ ನೀಲಮ್ಮ ಸಂತೆಕಲ್ಲೂರಿನ ತವರಿನಲ್ಲಿ ಹೆಣ್ಣು ಕೂಸು ಹೆತ್ತು ಕೆಲವೇ ದಿನಗಳಾಗಿದ್ದವು. ಹಿಂದಿನ ಎರಡು ಕೂಸುಗಳು ಉಳಿದಿರಲಿಲ್ಲ. ಈ ಕೂಸನ್ನು ತೊಟ್ಟಿಲಿಗೆ ಹಾಕುವತನಕ ಹೊರಗಿನವರ ಮುಂದೆ ಬಾಯಿ ಬಿಡಬಾರದೆಂದು ನೀಲಮ್ಮನ ತಾಯಿ ಅಳಿಯನಿಂದ ಆಣೆ ಹಾಕಿಸಿದ್ದಳು. ನೀಲಮ್ಮ ಬಸುರಿಯಾಗಿದ್ದಳೆಂಬುದೂ ನನಗೆ ತಿಳಿದಿರಲಿಲ್ಲ.

ಚಳಿಗಾಲದ ಸಂಜೆ, ಆಗಷ್ಟೇ ಕಂದೀಲು ಹಚ್ಚಿದ್ದರು. ವೀರನಗೌಡ ಟ್ರಂಕಿನಿಂದ ಒಂದು ಬಾಟಲಿ ತೆಗೆದ. ಮಣ್ಣು ಅಗೆಯುವ ಯಂತ್ರದ ರಿಪೇರಿಗೆ ಬಂದಿದ್ದ ಸ್ಕಾಟ್ಲೆಂಡಿನ ಮೆಕ್ಯಾನಿಕ್ ಊರಿಗೆ ಮರಳುವಾಗ ಕೊಟ್ಟುಹೋದ ಸಿಂಗಲ್ ಮಾಲ್ಟ್ ವಿಸ್ಕಿ ಅದು. ಶೆರ್ರಿ ಎಂಬ ದ್ರಾಕ್ಷಿ ಮದ್ಯ ತುಂಬಿಟ್ಟಿದ್ದ ಮರದ ಪೀಪಾಯಿಯಲ್ಲಿ ಬಹಳ ವರ್ಷ ಮಾಗಿತ್ತಂತೆ. ಅದನ್ನು ಆ ದಿನವೇ ಏಕೆ ತೆರೆದನೆಂದು ನಾನು ಕೇಳಲಿಲ್ಲ.

"ಲೇ ಪೇಪರ್, ಇದು ಸೇಂದಿ ಅಲ್ಲ, ಗಟಗಟ ಇಳಸಬ್ಯಾಡ," ಎಂದ. "ಮೊದಲ ಮೂಗಿಗೆ ಕೊಡು, ಆಮ್ಯಾಲ ನಾಲಿಗಿಗೆ. ಸಾಹೇಬ ಹಂಗ ಕಲಿಸ್ಯಾನ. ಏನೇನು ಐತಿ ಹೇಳು ನೋಡೂಣು."

ಬೆಳಕಿಗೆ ಹಿಡಿದೆ. ಹುಣಸೆಹಣ್ಣು ಹಚ್ಚಿ ಬೆಳಗಿದ ತಾಮ್ರದ ಹಂಡೆಯ ಕೆಂಪು. ಗ್ಲಾಸು ಓರೆ ಮಾಡಿದರೆ ಎಣ್ಣೆಯಂತೆ ಅಂಚು ಬಿಟ್ಟು ನಿಧಾನ ಇಳಿಯಿತು. ಮೂಗಿಗೆ ಮೊದಲು ಬಂದದ್ದು ಉತ್ತತ್ತಿ, ಒಣದ್ರಾಕ್ಷಿ. ಅದರ ಹಿಂದೆ ಲವಂಗ, ಕಿತ್ತಳೆ ಸಿಪ್ಪೆ, ಬಹಳ ದಿನ ಮುಚ್ಚಿದ್ದ ಸಾಗವಾನಿ ಪೆಟ್ಟಿಗೆ ತೆರೆದಾಗಿನ ಘಮ. ನಾಲಿಗೆಗೆ ಸಿಹಿ, ನಡುವೆ ಶುಂಠಿಯ ಬಿಸಿ, ಕೊನೆಗೆ ಅಕ್ರೋಟಿನ ಒಗರು. ನುಂಗಿದ ಮೇಲೂ ರುಚಿ ಗಂಟಲಲ್ಲಿ ಉಳಿದಿತ್ತು. ಮರದ ಒಗರು ತುಸು ಹೆಚ್ಚೆನಿಸಿದರೂ, ಅಷ್ಟು ಸಾವಕಾಶವಾಗಿ ಬಿಚ್ಚಿಕೊಳ್ಳುವ ಪಾನೀಯವನ್ನು ನಾನು ಅದುವರೆಗೆ ಕುಡಿದಿರಲಿಲ್ಲ. ಹಾಗೆಂದೇ ಹೇಳಿದೆ.

"ಎರಡು ಹನಿ ನೀರು ಹಾಕು, ಇನ್ನಾ ಅರಳತೈತಿ," ಎಂದ.

ಹಾಕಿಕೊಂಡು ಮತ್ತೆ ಮೂಸಿದೆ. ಹಣ್ಣಿನ ಘಮ ಹೋಗಿತ್ತು. ಹೊಗೆ ಬಂತು.

"ಇದರಾಗ ಹೊಗಿ ವಾಸನಿ ಐತಲ್ಲೋ?"

"ಹೊಗಿ? ಇದರಾಗ ಹೊಗಿ ಇಲ್ಲಂತ ಸಾಹೇಬ ಖಾಸ ಹೇಳ್ಯಾನ. ಒಂದ ಗುಟುಕಿಗೆ ಏರೇತೇನು ನಿನಗ?"

ನನ್ನ ಗ್ಲಾಸು ಕೊಟ್ಟೆ. ಆತನಿಗೆ ಉತ್ತತ್ತಿಯ ವಾಸನೆ ಮಾತ್ರ ಬಂತು. ಆತನ ಗ್ಲಾಸು ಮೂಸಿದರೆ ನನಗೂ ಅಷ್ಟೇ. ನನ್ನದನ್ನು ಮರಳಿ ಹಿಡಿದರೆ ಮತ್ತೆ ಅದೇ ಹೊಗೆ, ಈ ಸಲ ಸ್ಪಷ್ಟವಾಗಿ.

"ಕೆಂಡದ ಮ್ಯಾಲ ಅಜವಾನ ಹಾಕಿದಂಗ. ಲೋಬಾನನೂ ಐತಿ. ಬಾಣಂತಿ ಖೋಲ್ಯಾಗ ಬರ್ತೈತಲ್ಲ, ಅದ."

ವೀರನಗೌಡನ ನಗು ನಿಂತಿತು. "ನಿನಗ ಯಾರು ಹೇಳಿದರು?" ಎಂದ. ಆಣೆ ಮುರಿದು ಕೂಸಿನ ವಿಷಯ ಹೇಳಿದ್ದು ಆಗಲೇ. ಇದೆಲ್ಲ ಕಾಕತಾಳೀಯ, ಕೂತುಕೋ ಎಂದು ನಾನೇ ಸಮಾಧಾನ ಹೇಳಿದೆ. ಏನೂ ಇಲ್ಲವೆಂದು ತೋರಿಸಲು ಗ್ಲಾಸು ಮತ್ತೆ ಮೂಗಿಗೆ ಹಿಡಿದೆ. ಗಂಟಲು ಕಟ್ಟಿತು. ಕೆಮ್ಮು ಬಂದು ಕಣ್ಣಲ್ಲಿ ನೀರಾಡಿತು. ಆತ ಜೀಪಿನ ಕೀಲಿಕೈ ತೆಗೆದುಕೊಂಡ.

ಸಂತೆಕಲ್ಲೂರಿನ ಮನೆಯಲ್ಲಿ ಅತ್ತೆ ಬಸಮ್ಮ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ನಮ್ಮ ಬಾಯಿಯ ವಾಸನೆ ಹಿಡಿದವಳೇ ಬಾಣಂತಿ ಕೋಣೆಯ ಬಾಗಿಲಿಗೆ ಅಡ್ಡ ನಿಂತಳು.

"ಕುಡುದು ಹೆಂಡ್ತಿ ನೋಡಾಕ ಬಂದೀರೇನು? ಜೋಡಿಗೆ ಒಬ್ಬನ್ನ ಕರಕೊಂಡು! ಬಾಗಿಲಾ ತಗದ್ರ ಗಾಳಿ ಹೊಕ್ಕತೈತಿ. ತಾಯಿ ಮಗಳು ಈಗರ ಮಲಗ್ಯಾರ."

"ಅತ್ತಿ, ಸರೀರಿ!" ಎಂದು ಆತ ಭುಜ ಕೊಟ್ಟು ಬಾಗಿಲು ನೂಕಿದ.

ನಮ್ಮ ಕಡೆ ಬಾಣಂತಿಗೆ ಹೊಗೆ ಹಾಕಿ, ಬೆವರಿಳಿದ ಮೇಲೆ ಕೆಂಡದ ಅಗ್ಗಿಷ್ಟಿಕೆಯನ್ನು ಹೊರಗೆ ಇಡುತ್ತಾರೆ. ಅಂದು ಚಳಿ ಹೆಚ್ಚೆಂದು ಬಸಮ್ಮ ಅದನ್ನು ಹೊರಸು ಮಂಚದ ಕೆಳಗೇ ಬಿಟ್ಟಿದ್ದಳು. ಕಿಟಕಿಯ ಸಂದಿಗೆ, ಬಾಗಿಲಿನ ಸಂದಿಗೆ ಹಳೆ ಸೀರೆ ತುರುಕಿದ್ದಳು. ಪ್ರೀತಿಯಿಂದ ಮಾಡಿದ ತಪ್ಪು. ನೀಲಮ್ಮನನ್ನು ಎಷ್ಟು ಅಲುಗಾಡಿಸಿದರೂ ಎಚ್ಚರವಾಗಲಿಲ್ಲ. ಕೂಸಿನ ಕುತ್ತಿಗೆ ವಾಲಿತ್ತು. ಆತ ಹೆಂಡತಿಯನ್ನು, ನಾನು ಕೂಸನ್ನು ಅಂಗಳಕ್ಕೆ ಹೊತ್ತು ತಂದೆವು. ಮೊದಲು ಅತ್ತದ್ದು ಕೂಸು. ನೀಲಮ್ಮ ವಾಂತಿ ಮಾಡಿಕೊಂಡು ಕಣ್ಣು ಬಿಡುವ ಹೊತ್ತಿಗೆ ಬಸಮ್ಮ ಎದೆ ಬಡಿದುಕೊಳ್ಳುತ್ತಿದ್ದಳು. ಲಿಂಗಸುಗೂರಿನ ಆಸ್ಪತ್ರೆಯ ಡಾಕ್ಟರು, ಮುಚ್ಚಿದ ಕೋಣೆಯ ಕೆಂಡವೇ ಕಾರಣ, ಇನ್ನಷ್ಟು ತಡವಾಗಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ ಎಂದರು. ಬಸಮ್ಮ ನನ್ನ ಕೈ ಹಿಡಿದುಕೊಂಡು, "ಕುಡುದು ಬಂದ ದೇವರಪ್ಪ ನೀ," ಎಂದಳು. ಅಳುತ್ತಿದ್ದ ವೀರನಗೌಡನಿಗೂ ನಗು ಬಂತು.

ಆಮೇಲೆ ನಾನು ಬಹಳ ಯೋಚಿಸಿದ್ದೇನೆ. ಬಾಣಂತಿಗೆ ಮಾಡುವ ಅಂಟಿನುಂಡೆಯಲ್ಲಿ ಉತ್ತತ್ತಿ ಇರುತ್ತದೆ. ವಿಸ್ಕಿಯ ಉತ್ತತ್ತಿ ಘಮ ನನ್ನವ್ವನ ಬಾಣಂತನದ ಕೋಣೆಯನ್ನು ನೆನಪಿಸಿರಬಹುದು. ಅದು ಒಪ್ಪುವಂಥದ್ದೇ. ಆದರೆ ಗಂಟಲು ಕಟ್ಟಿದ್ದೇಕೆ? ಆ ಸಂಜೆಯೇ ಏಕೆ, ನನ್ನ ಗ್ಲಾಸಿನಲ್ಲಷ್ಟೇ ಏಕೆ? ಆ ಬಾಟಲಿಯನ್ನು ಮುಂದೆ ಹಲವು ಸಲ, ನೀರು ಹಾಕಿ, ಹಾಕದೆ, ಪರೀಕ್ಷಿಸಿ ಮುಗಿಸಿದೆವು. ಹೊಗೆಯ ಸುಳಿವೂ ಬರಲಿಲ್ಲ. ಇದನ್ನು ಸುದ್ದಿಯಾಗಿ ಬರೆಯಲಿಲ್ಲ. ಕೃತಜ್ಞತೆಯಂತೂ ನನ್ನಲ್ಲಿ ತುಂಬಿದೆ. ಯಾರಿಗೆ ಸಲ್ಲಿಸಬೇಕೆಂದು ಗೊತ್ತಿಲ್ಲ.

ಆ ಕೂಸು ಈಗ ಶಾಲೆಗೆ ಹೋಗುವ ಹುಡುಗಿ. ಮೊನ್ನೆ ಅಪ್ಪನ ಬಾಯಿಂದ ಇದನ್ನೆಲ್ಲ ಕೇಳಿ ನನ್ನನ್ನು ವಿಚಾರಣೆಗೆ ಹಿಡಿದಳು.

"ನಿಮಗ ಹೆಂಗ ಗೊತ್ತಾತು ಕಾಕಾ?"

"ವಾಸನಿ ಬಂತವ್ವ."

"ಅಷ್ಟು ದೂರದಿಂದ? ಸುಳ್ಳ ಹೇಳಬ್ಯಾಡ್ರಿ. ಖರೇ ಹೇಳ್ರಿ, ಎಲ್ಲಿಂದ ಬಂತು?"

ನಾನು ನಕ್ಕು ಅವಳ ಜಡೆ ಹಿಡಿದೆಳೆದೆ. ಹೀಗೆ ಪ್ರಶ್ನೆ ಕೇಳುವುದಕ್ಕೆ ಅವಳು ಉಳಿದಿದ್ದಳು.